ಆ್ಯಪು ವೇಷ ಬದಲಿಸುವ ಬಗೆ

ಐಫೋನಿನಲ್ಲಿರುವ ಕ್ಯಾಲೆಂಡರಿನ ಲಾಂಛನವನ್ನು ಗಮನಿಸಿರಿ. ಅದು ದಿನದಿನವೂ ಆಯಾ ದಿನದ ತಾರೀಖನ್ನು ತೋರಿಸುವುದು. ಗಡಿಯಾರದ ಲಾಂಛನದಲ್ಲಿಯಾದರೋ ಮುಳ್ಳುಗಳೇ ಚಲಿಸುವುವು. ಇದು ಆಪಲ್ ಸಂಸ್ಥೆಯು ತನ್ನ ಸ್ವಂತ ಆ್ಯಪುಗಳಿಗೆ ಕೊಟ್ಟುಕೊಂಡಿರುವ ಸವಲತ್ತು. ಹೊರಗಿನವರು ರಚಿಸಿದ ಆ್ಯಪೂ ಹೀಗೆ ಮುಖವನ್ನು ಬದಲಿಸಬಲ್ಲುದೆ? ಬಲ್ಲುದು, ಆದರೆ ಕೆಲವು ಕಟ್ಟುಪಾಡುಗಳಿಗೆ ಒಳಪಟ್ಟು.

ಕಟ್ಟುಪಾಡು ಏತಕ್ಕೆಂದು ನೀವು ಕೇಳಬಹುದು. ನಾವು ಹೆಸರನ್ನು ಓದುವ ಮೊದಲೇ ಚಿತ್ರವನ್ನು ಕಂಡು ಬೆರಳಿಡುತ್ತೇವೆ. ಆಟದ ಆ್ಯಪೊಂದು ರಾತ್ರಿ ಬೆಳಗಾಗುವುದರೊಳಗೆ ಬ್ಯಾಂಕಿನ ಲಾಂಛನವನ್ನು ಧರಿಸಿ ಕುಳಿತರೆ, ನಾವು ನಂಬಿ ನಮ್ಮ ಪಾಸ್‌ವರ್ಡನ್ನು ಅದಕ್ಕೆ ಒಪ್ಪಿಸಿದರೆ ಗತಿಯೇನು?

ಇದಕ್ಕೆ ಮೊದಲ ತಡೆ ಡಿಜಿಟಲ್ ಸಹಿ. ಆ್ಯಪಿನ ಕಟ್ಟಿನೊಳಗಿನ ಚಿತ್ರವೊಂದನ್ನು ತಿದ್ದಿದರೂ ತಯಾರಕನ ಸಹಿಯೊಡನೆ ಅದು ತಾಳೆಯಾಗದು. ಆದುದರಿಂದ ಬೇಕಾದ ಲಾಂಛನಗಳೆಲ್ಲ ಮೊದಲೇ ಕಟ್ಟಿನಲ್ಲಿರಬೇಕು. ಯಕ್ಷಗಾನದ ವೇಷಧಾರಿಯು ಮೇಳದ ಪೆಟ್ಟಿಗೆಯಲ್ಲಿ ಬಂದ ಕಿರೀಟಗಳಲ್ಲಿಯೇ ಒಂದನ್ನು ಆರಿಸಿಕೊಳ್ಳುವಂತೆ ಇದು.

ಐಫೋನಿನಲ್ಲಿ ಈ ಸೌಕರ್ಯ ದೊರೆತುದು 2017ರಲ್ಲಿ, ಐಓಎಸ್ 10.3ರೊಡನೆ. ಬದಲಿ ಲಾಂಛನಗಳ ಹೆಸರನ್ನು ಆ್ಯಪಿನ ಮಾಹಿತಿಪಟ್ಟಿಯಲ್ಲಿ ನಮೂದಿಸಿರಬೇಕು. ಬಳಿಕ ಪ್ರೋಗ್ರಾಮು ಒಂದು ಹೆಸರನ್ನು ಸೂಚಿಸಿದರೆ ಐಓಎಸ್ ಆ ಲಾಂಛನವನ್ನು ತೊಡಿಸಿ, ಬದಲಾವಣೆಯಾಯಿತೆಂದು ಬಳಕೆದಾರನಿಗೆ ತಿಳಿಸುವುದು. ಹೆಸರಿನ ಬದಲು ಶೂನ್ಯವನ್ನು ಕೊಟ್ಟರೆ ಮೂಲ ಲಾಂಛನವೇ ಮರಳುವುದು.

ಆಂಡ್ರಾಯ್ಡಿನ ಮಾರ್ಗ ಬೇರೆ. ಅಲ್ಲಿ ತೆರೆಯ ಮೇಲೆ ಕಾಣುವ ಲಾಂಛನವು ಆ್ಯಪಿನೊಳಕ್ಕೆ ಹೋಗುವ ಒಂದು ಬಾಗಿಲಿನ ಫಲಕವಿದ್ದಂತೆ. ಒಂದೇ ಕೋಣೆಗೆ ಹಲವು ಬಾಗಿಲುಗಳನ್ನಿಟ್ಟು, ಒಂದೊಂದಕ್ಕೂ ಒಂದೊಂದು ಫಲಕವನ್ನು ತೂಗುಹಾಕಬಹುದು. ಇವಕ್ಕೆ 'ಆ್ಯಕ್ಟಿವಿಟಿ ಏಲಿಯಾಸ್' ಎಂದು ಹೆಸರು. ಪ್ರೋಗ್ರಾಮು ಒಂದು ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆದರೆ ಲಾಂಛನ ಬದಲಾದಂತೆ ತೋರುವುದು. ಎರಡನ್ನೂ ತೆರೆದಿಟ್ಟರೆ ಎರಡು ಲಾಂಛನಗಳು ಕಾಣುವುವು. ಎಲ್ಲವನ್ನೂ ಮುಚ್ಚಿದರೆ ಆ್ಯಪೇ ಕಣ್ಮರೆಯಾಗುವುದು. ವಂಚಕ ಆ್ಯಪುಗಳು ಈ ಉಪಾಯದಿಂದಲೇ ಅಡಗಿಕೊಳ್ಳುತ್ತಿದ್ದುವು. 2019ರ ಆಂಡ್ರಾಯ್ಡ್ 10 ಇದಕ್ಕೆ ಅಡ್ಡಿಯನ್ನು ತಂದಿತು: ಬಾಗಿಲು ಮುಚ್ಚಿದ ಆ್ಯಪಿಗೂ ಸಾಮಾನ್ಯವಾಗಿ ಒಂದು ಲಾಂಛನ ಉಳಿಯುವುದು, ಅದನ್ನು ಒತ್ತಿದರೆ ಆ್ಯಪಿನ ವಿವರಪುಟ ತೆರೆಯುವುದು.

ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಅಪರಿಚಿತ ಲಾಂಛನವೊಂದು ಕಂಡುಬಂದರೆ ಸೆಟ್ಟಿಂಗ್ಸ್‌ನಲ್ಲಿರುವ ಆ್ಯಪುಗಳ ಪಟ್ಟಿಯನ್ನು ನೋಡಿರಿ. ಬಾಗಿಲಿನ ಫಲಕ ಎಷ್ಟು ಸಲ ಬದಲಾಗಿದ್ದರೂ ಅಲ್ಲಿ ಆ್ಯಪಿನ ಮೂಲ ಹೆಸರೂ ಮೂಲ ಚಿತ್ರವೂ ಹಾಗೆಯೇ ಇರುತ್ತವೆ.