ಮಿದುಳಿನಲ್ಲಿ ಉಳಿದ ಕೈಬರಹ

ಪ್ರಬಂಧದಲ್ಲಿ ಅವರ ಹೆಸರಿಲ್ಲ, ‘ಟಿ5’ ಎಂದಷ್ಟೇ ಇದೆ. 2007ರಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಒಂಬತ್ತು ವರ್ಷದ ನಂತರ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಅವರ ಮಿದುಳಿನ ಮೇಲ್ಪದರದಲ್ಲಿ, ಕೈಯನ್ನು ಆಡಿಸುವ ಜಾಗದಲ್ಲಿ, ಎರಡು ಪುಟ್ಟ ಚಿಪ್ ಕೂರಿಸಿದರು. ಮುಂದೊಂದು ದಿನ ಅವರಿಗೆ ಹೇಳಿದ್ದು ಇಷ್ಟು: ಕೈಯಲ್ಲಿ ಪೆನ್ನಿದೆ, ಎದುರಿಗೆ ಗೆರೆ ಹಾಕಿದ ಹಾಳೆಯಿದೆ ಅಂದುಕೊಂಡು ಬರೆಯಲು ಪ್ರಯತ್ನಿಸಿ.

ಬೆರಳು ಒಂದಿಷ್ಟು ಅದುರಿದ್ದು ಬಿಟ್ಟರೆ ಹೊರಗೆ ಏನೂ ಕಾಣಲಿಲ್ಲ. ಆದರೆ ನರಕೋಶಗಳ ಮಿಡಿತವನ್ನು ಹಿಡಿದು, ಪೆನ್ನಿನ ಮೊನೆ ಎತ್ತ ಸಾಗಿರಬೇಕೆಂದು ಕಂಪ್ಯೂಟರಿನಲ್ಲಿ ಎಳೆದು ನೋಡಿದರೆ ಇಂಗ್ಲಿಷ್ ಅಕ್ಷರಗಳು! ಒಂದೊಂದೂ ಗುರುತು ಸಿಗುವಷ್ಟು ಸ್ಪಷ್ಟ. 2021ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಚಿತ್ರವನ್ನು ನಾನು ಬಹಳ ಹೊತ್ತು ನೋಡುತ್ತ ಕೂತಿದ್ದೆ. ಇಷ್ಟು ವರ್ಷ ಕಾಗದ ಮುಟ್ಟದ ಮನುಷ್ಯನ ಕೈಬರಹ ಅದು.

ಇಲ್ಲಿಗೆ ಬರಲು ಅರ್ಧ ಶತಮಾನ ಹಿಡಿಯಿತು. 1969ರಲ್ಲಿ ಎಬರ್‌ಹಾರ್ಡ್ ಫೆಟ್ಜ್ ಎಂಬ ವಿಜ್ಞಾನಿ ಕೋತಿಯ ಮಿದುಳಿನ ಒಂದೇ ಒಂದು ನರಕೋಶಕ್ಕೆ ತಂತಿ ಜೋಡಿಸಿ, ಅದರ ಮಿಡಿತವನ್ನು ಒಂದು ಮೀಟರಿನ ಮುಳ್ಳಿನಲ್ಲಿ ತೋರಿಸಿದರು. ಮುಳ್ಳು ಏರಿದರೆ ಬಾಳೆಹಣ್ಣಿನ ರುಚಿಯ ಗುಳಿಗೆ ಸಿಗುತ್ತಿತ್ತು. ಕೋತಿ ಕಲಿತುಬಿಟ್ಟಿತು, ಬೇಕೆಂದಾಗ ಆ ಕೋಶದ ಮಿಡಿತವನ್ನು ಏರಿಸತೊಡಗಿತು. 1973ರಲ್ಲಿ ಲಾಸ್ ಏಂಜಲೀಸ್‌ನ ಜಾಕ್ ವಿಡಾಲ್ ಈ ಬಗೆಯ ಸಂಪರ್ಕಕ್ಕೆ ‘ಬ್ರೇನ್-ಕಂಪ್ಯೂಟರ್ ಇಂಟರ್‌ಫೇಸ್’ ಎಂದು ಹೆಸರಿಟ್ಟರು. ಎಂಬತ್ತರ ದಶಕದಲ್ಲಿ ಅಪೊಸ್ಟೊಲೊಸ್ ಜಾರ್ಜೊಪೌಲೊಸ್ ಇನ್ನೊಂದು ಗುಟ್ಟು ಬಿಡಿಸಿದರು: ಚಲನೆಯ ನರಕೋಶಗಳಲ್ಲಿ ಒಂದೊಂದಕ್ಕೆ ಒಂದೊಂದು ದಿಕ್ಕಿನ ಒಲವು. ಗ್ರಾಮಸಭೆಯಲ್ಲಿ ಎತ್ತಿದ ಕೈಗಳನ್ನು ಎಣಿಸಿದ ಹಾಗೆ ಎಲ್ಲವನ್ನೂ ಕೂಡಿಸಿದರೆ ತೋಳು ಎತ್ತ ಹೊರಟಿದೆಯೆಂದು ಹೇಳಬಹುದು.

ಕೂಡಿಸಬೇಕಾದರೆ ಹಲವು ಕೋಶಗಳ ಸದ್ದು ಒಟ್ಟಿಗೆ ಕೇಳಬೇಕಲ್ಲ? ಅದಕ್ಕೆ ಸಾಧನ ಒದಗಿದ್ದು ಯೂಟಾ ವಿಶ್ವವಿದ್ಯಾಲಯದ ರಿಚರ್ಡ್ ನಾರ್ಮನ್ ಅವರಿಂದ. ಅವರು ಹೊರಟಿದ್ದು ಕಣ್ಣಿಲ್ಲದವರಿಗೆ ದೃಷ್ಟಿ ಕೊಡಲು. ಆ ದಾರಿಯಲ್ಲಿ ಹುಟ್ಟಿದ ಚಿಪ್ ಹೆಸರುಕಾಳಿನಷ್ಟು, ನಾಲ್ಕು ಮಿಲಿಮೀಟರ್ ಚೌಕ. ಅದರ ತುಂಬ ಬ್ರಷ್ಷಿನ ಹಲ್ಲುಗಳಂತೆ 100 ಸೂಜಿ.

ಆದರೂ ದೊಡ್ಡ ಅನುಮಾನವೊಂದು ಉಳಿದಿತ್ತು. ವರ್ಷಗಟ್ಟಲೆ ಕೈಕಾಲು ಆಡದವರ ಮಿದುಳಿನಲ್ಲಿ ಆ ಜಾಗ ಇನ್ನೂ ಕೆಲಸ ಮಾಡುತ್ತಿರುತ್ತದೆಯೇ? ಉತ್ತರ ಸಿಕ್ಕಿದ್ದು 2004ರಲ್ಲಿ ಆರಂಭವಾದ ‘ಬ್ರೇನ್‌ಗೇಟ್’ ಪ್ರಯೋಗದಿಂದ. ಬ್ರೌನ್ ವಿಶ್ವವಿದ್ಯಾಲಯದ ಜಾನ್ ಡಾನಹ್ಯೂ ಅದರ ಮುಂದಾಳು. ಮೂರು ವರ್ಷದ ಹಿಂದೆ ಚೂರಿ ಇರಿತದಿಂದ ಬೆನ್ನುಹುರಿ ತುಂಡಾಗಿದ್ದ ಯುವಕ, ಕೈ ಆಡಿಸಬೇಕೆಂದುಕೊಂಡೇ ಪರದೆಯ ಮೇಲೆ ಕರ್ಸರ್ ಓಡಿಸಿದ, ಇ-ಮೇಲ್ ತೆರೆದ, ಟಿವಿಯ ಸದ್ದು ಏರಿಳಿಸಿದ. 2011ರಲ್ಲಿ ಅದೇ ತಂಡದ ಪ್ರಯೋಗದಲ್ಲಿ, ಮಿದುಳಿನ ಬುಡದಲ್ಲಿ ಆಘಾತವಾಗಿ ಮಾತೂ ಚಲನೆಯೂ ನಿಂತಿದ್ದ ಮಹಿಳೆಯೊಬ್ಬರು ರೋಬಾಟ್ ತೋಳಿನಿಂದ ಬಾಟಲಿ ಎತ್ತಿಸಿ, ಬಾಯಿಗೆ ತಂದು, ಸ್ಟ್ರಾದಲ್ಲಿ ಕಾಫಿ ಹೀರಿದರು. ಸುಮಾರು ಹದಿನೈದು ವರ್ಷದಲ್ಲಿ ಇನ್ನೊಬ್ಬರು ಕುಡಿಸದೆ ಕುಡಿದ ಮೊದಲ ಗುಟುಕು. ಬಾಟಲಿ ಕೆಳಗಿಟ್ಟಾಗ ಅವರ ಮುಖದಲ್ಲಿ ಅರಳಿದ ನಗುವನ್ನು ವಿಡಿಯೊದಲ್ಲಿ ನೋಡಬೇಕು.

ಇದನ್ನು ‘ಮನಸ್ಸು ಓದುವ ಯಂತ್ರ’ ಎಂದು ಬರೆಯುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಯಂತ್ರಕ್ಕೆ ಸಿಗುವುದು ಕೈಗೋ ನಾಲಿಗೆಗೋ ಮಿದುಳು ಕೊಡುವ ಅಪ್ಪಣೆ. ಪ್ರಯತ್ನಪಟ್ಟು ಆ ಅಪ್ಪಣೆ ಕೊಡುವುದು ರೋಗಿಯೇ, ಶ್ರಮವೂ ಅವರದೇ.

ಕರ್ಸರ್ ಓಡಿಸಿ ಒಂದೊಂದೇ ಅಕ್ಷರ ಒತ್ತುವ ವಿಧಾನದಲ್ಲಿ ವೇಗ ನಿಮಿಷಕ್ಕೆ ನಲವತ್ತು ಅಕ್ಷರದ ಹತ್ತಿರ ನಿಂತಿತ್ತು. ಸ್ಟ್ಯಾನ್‌ಫರ್ಡ್‌ನ ಕೃಷ್ಣ ಶೆಣೈ, ಜೇಮಿ ಹೆಂಡರ್ಸನ್ ಮತ್ತು ಫ್ರಾಂಕ್ ವಿಲೆಟ್ ಕೈಬರಹಕ್ಕೆ ತಿರುಗಿದಾಗ ಅದು 90ಕ್ಕೆ ಏರಿತು. ಟಿ5 ಅವರ ವಯಸ್ಸಿನವರು ಮೊಬೈಲಿನಲ್ಲಿ ಒತ್ತುವ ವೇಗ ಸುಮಾರು 115. ಕಾರಣ ಸೊಗಸಾಗಿದೆ: ನೇರ ಗೆರೆಗಳು ನರಕೋಶಗಳಲ್ಲಿ ಒಂದನ್ನೊಂದು ಹೋಲುತ್ತವೆ, ಡೊಂಕು ತಿರುವುಗಳು ಬೇರೆಬೇರೆಯಾಗಿ ಕೇಳಿಸುತ್ತವೆ. ಹಾಗಾದರೆ ಸುರುಳಿ ಸುರುಳಿಯಾದ ನಮ್ಮ ಕನ್ನಡ ಅಕ್ಷರಗಳಿಗೆ ಈ ವಿಧಾನ ಎಷ್ಟು ಚೆನ್ನಾಗಿ ಒಗ್ಗೀತು! ‘ಪ’ ಮತ್ತು ‘ಷ’ ನಡುವೆ ಎಡವಬಹುದು, ಒತ್ತಕ್ಷರ ಸ್ವಲ್ಪ ಕಾಡಬಹುದು. ಯಾರಾದರೂ ಮಾಡಿ ನೋಡಲೇಬೇಕಾದ ಪ್ರಯೋಗವಿದು ಎಂಬುದು ನನ್ನ ಆಸೆ.

ಕರಾವಳಿಯವರಿಗೆ ಪರಿಚಿತ ಮನೆತನದ ಹೆಸರು ಹೊತ್ತ ಶೆಣೈ 2023ರ ಜನವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಅವರ ತಂಡ, ಮಾತಾಡಲು ಪಡುವ ಪ್ರಯತ್ನದಿಂದಲೇ ನಿಮಿಷಕ್ಕೆ 62 ಪದ ಹೊರತಂದದ್ದು ಪ್ರಕಟವಾಯಿತು.

ಇನ್ನೂ ಇದೆಲ್ಲ ಪ್ರಯೋಗದ ಹಂತದಲ್ಲೇ ಇದೆ. ಇಂಥ ಚಿಪ್‌ಗಳಲ್ಲಿ ಬಹುಪಾಲಿಗೆ ತಲೆಬುರುಡೆಯಿಂದ ಹೊರಗೆ ತಂತಿ ಬರುತ್ತದೆ, ದಿನದಿಂದ ದಿನಕ್ಕೆ ಸಂಕೇತ ಬದಲಾಗುವುದರಿಂದ ಮತ್ತೆ ಮತ್ತೆ ಹೊಂದಿಸಬೇಕು. ಹಾಗಿದ್ದೂ 2023ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಎಎಲ್‌ಎಸ್ ಕಾಯಿಲೆಯಿಂದ ಮಾತು ತೊದಲಿ ಕೇಳುವವರಿಗೆ ತಿಳಿಯುವುದೇ ಕಷ್ಟವಾಗಿದ್ದ ಒಬ್ಬರು ಈ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಹೇಳಬೇಕೆಂದದ್ದು ಪರದೆಯ ಮೇಲೆ ಸರಿಯಾಗಿ ಮೂಡಿದ ದಿನ ಅವರು ಅತ್ತುಬಿಟ್ಟರು, ಸುತ್ತ ನಿಂತಿದ್ದವರೂ ಅತ್ತರು. ಆ ಪದಗಳನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುತ್ತಿತ್ತು. ಕಾಯಿಲೆಗೆ ಮೊದಲಿನ ಧ್ವನಿಮುದ್ರಣಗಳಿಂದ ರೂಪಿಸಿದ, ಅವರದೇ ದನಿಯಲ್ಲಿ.