ಮಕ್ಕಳ ಕತೆಗೆ ಜೊತೆಗಾರರು ಬೇಕು

ನಮ್ಮ ಕಡೆ ಯಾರಾದರೂ ಮಕ್ಕಳಿಗಾಗಿ ಬರೆಯುತ್ತೇನೆ ಎಂದರೆ, ‘ಹೌದ್ರೀ? ದೊಡ್ಡೋರಿಗೆ ಯಾವಾಗ ಬರೀತೀರಿ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಮಕ್ಕಳ ಕತೆ ಎಂದರೆ ಕೈ ಪಳಗಿಸಿಕೊಳ್ಳಲು ಬರೆಯುವುದು ಎಂಬ ನಂಬಿಕೆ ಬೇರು ಬಿಟ್ಟಿದೆ, ಅಷ್ಟೇ. ಮಸ್ಕಿ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುತ್ತ ಮಕ್ಕಳಿಗೆ ಕತೆ ಬರೆಯುವ ನನಗೆ ಈ ನಂಬಿಕೆ ಹೋಗಲೇಬೇಕು ಅನ್ನಿಸುತ್ತದೆ. ಬರೆಯುವವರು ಒಬ್ಬೊಬ್ಬರೇ ಕುಳಿತರೆ ಅದು ಹೋಗುವುದಿಲ್ಲ.

ಕತೆಗೇನೂ ಇಲ್ಲಿ ಬರವಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಮಸ್ಕಿಯ ಗುಡ್ಡಕ್ಕೆ ಬಂದ. ಸಿಕ್ಕಿದ್ದು ಬಂಡೆಯ ಮೇಲಿನ ಅಕ್ಷರ. ‘ದೇವಾನಾಂಪ್ರಿಯ’ ಎಂದು ಕರೆಸಿಕೊಂಡ ರಾಜ ಅಶೋಕನೇ ಎಂಬುದು ಗಟ್ಟಿಯಾದದ್ದು ಆ ಶಾಸನದಿಂದ. ಹತ್ತು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಪತ್ತೇದಾರಿ ಕತೆ ಯಾವುದಿದೆ? ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ, ಮುದಗಲ್ಲಿನ ಕೋಟೆ ಇವೆ. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿ ಕುಟುಂಬಗಳ ಕ್ಯಾಂಪುಗಳೂ ಇವೆ. ಅಲ್ಲಿನ ಮಕ್ಕಳು ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ ಮಾತಾಡುತ್ತಾರೆ. ಇನ್ನು ಅವ್ವ ಅಪ್ಪ ಬೆಂಗಳೂರಿಗೆ ಗುಳೆ ಹೋದಾಗ ಅಜ್ಜಿಯ ಹತ್ತಿರ ಉಳಿಯುವ ಮಕ್ಕಳಂತೂ ನಮ್ಮ ಪ್ರತಿ ತರಗತಿಯಲ್ಲೂ ಇದ್ದಾರೆ. ಇವರು ಓದುವ ಪುಸ್ತಕಗಳಲ್ಲಿ ಇವರೇ ಕಾಣಿಸುವುದು ಅಪರೂಪ.

ಇದಕ್ಕೆ ಚರಿತ್ರೆಯ ಕಾರಣವೂ ಇದೆ. 1948ರವರೆಗೆ ರಾಯಚೂರು ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮೇಲಿನ ತರಗತಿಗಳ ಓದು ಉರ್ದುವಿನಲ್ಲಿ. ಮೈಸೂರು, ಮಂಗಳೂರು, ಧಾರವಾಡಗಳಲ್ಲಿ ಮಕ್ಕಳ ಪದ್ಯಗಳು ಅಚ್ಚಾಗುತ್ತಿದ್ದ ಕಾಲಕ್ಕೆ ಇಲ್ಲಿ ಕನ್ನಡ ಶಾಲೆಯೇ ದುರ್ಲಭ. ಅಂಥ ಕಾಲದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ, ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ದೊಡ್ಡ ಅಧಿಕಾರಿಯಾದ ಮೇಲೂ ಮಕ್ಕಳಿಗಾಗಿ ಪದ್ಯ ಬರೆದರು. ನನ್ನ ಮಟ್ಟಿಗೆ ಈ ಭಾಗದಲ್ಲಿ ಮಕ್ಕಳಿಗೆ ಬರೆಯುವ ಎಲ್ಲರಿಗೂ ಅವರು ಮನೆಯ ಹಿರಿಯರು.

ಈಚಿನವರನ್ನು ನೋಡಿದರೆ ಧೈರ್ಯ ಇನ್ನೂ ಹೆಚ್ಚುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಆರಂಭಿಸಿತು. ಕನ್ನಡದಲ್ಲಿ 2018ರಲ್ಲಿ ಅದನ್ನು ಪಡೆದವರು ವಿಜಯಪುರ ಜಿಲ್ಲೆಯ ಕಂಚ್ಯಾಣಿ ಶರಣಪ್ಪ, 2019ರಲ್ಲಿ ಶಹಾಪುರದ ಚಂದ್ರಕಾಂತ ಕರದಳ್ಳಿ. ಇಬ್ಬರೂ ಶಾಲೆಯ ಮಾಸ್ತರರಾಗಿದ್ದವರು. 2025ರಲ್ಲಿ ಅದು ಪಕ್ಕದ ಬಳ್ಳಾರಿಯ ಕೆ. ಶಿವಲಿಂಗಪ್ಪ ಹಂದಿಹಾಳು ಅವರಿಗೆ ಬಂತು. ನಮ್ಮ ಮಸ್ಕಿಯಲ್ಲೇ ಇದ್ದು ಮಕ್ಕಳಿಗಾಗಿ ಬರೆಯುವ ಗುಂಡುರಾವ್ ದೇಸಾಯಿ ಇದ್ದಾರೆ. ಬರೆಯಲು ಬೆಂಗಳೂರಿಗೆ ಹೋಗಬೇಕಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಏಕೆ?

ಆದರೆ ಹಿರಿಯರ ಹೆಸರು ಗೊತ್ತಿದ್ದ ಮಾತ್ರಕ್ಕೆ ಕೈಯಲ್ಲಿರುವ ಕರಡು ತಿದ್ದಿಹೋಗುವುದಿಲ್ಲ. ಅದನ್ನು ಓದಿ ನೇರವಾಗಿ ಮಾತಾಡುವ ಜನ ಬೇಕು. ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ಮಸ್ಕಿ ಇರುವುದರಿಂದ, ಮಕ್ಕಳಿಗೆ ಬರೆಯುವ ನಾವು ಕೆಲವರು ಬಿಡುವಾದ ಭಾನುವಾರ ಅಲ್ಲೇ ಸೇರುತ್ತೇವೆ. ಸಂಘವಿಲ್ಲ, ಅಧ್ಯಕ್ಷರಿಲ್ಲ. ಸಿಂಧನೂರಿನ ನಿವೃತ್ತ ಮಾಸ್ತರರೊಬ್ಬರು, ಲಿಂಗಸುಗೂರಿನ ಚಿತ್ರಕಲಾ ಶಿಕ್ಷಕರು, ಈಗಷ್ಟೇ ಬರೆಯಲು ತೊಡಗಿದ ಒಂದಿಬ್ಬರು ಹುಡುಗಿಯರು. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಗುಳೆ ಹೋದವರ ಮಗನೊಬ್ಬನ ಕತೆಯನ್ನು ನಾನು ಓದಿದಾಗ ಮಾಸ್ತರರು ಅಂದರು: ‘ಅಕ್ಕೋರೆ, ನಿಮ್ಮ ಕತಿಯಾಗ ಹುಡ್ಗ ಮಾತಾಡಂಗಿಲ್ರಿ, ನೀವೇ ಮಾತಾಡಾಕತ್ತೀರಿ.’ ಅದಕ್ಕಿಂತ ದೊಡ್ಡ ಪ್ರೋತ್ಸಾಹ ನನಗೆ ಸಿಕ್ಕಿಲ್ಲ. ಯಾರೋ ಒಬ್ಬರು ಸಾಲುಸಾಲಾಗಿ ಕೇಳಿಸಿಕೊಂಡಿದ್ದಾರೆ ಎಂಬುದಕ್ಕೆ ಅದು ಗುರುತು. ಚಿತ್ರ ಬರೆಯುವವರು ಜೊತೆಗಿದ್ದರೆ ಮತ್ತೊಂದು ಲಾಭ: ‘ಇದನ್ನ ನಾನು ಚಿತ್ರದಾಗ ತೋರಿಸ್ತೀನಿ, ನೀವು ಬರೀಬ್ಯಾಡ್ರಿ’ ಎಂದು ಅವರು ಹೇಳಿದ ಕಡೆಯೆಲ್ಲ ಕತೆ ತೆಳ್ಳಗಾಗಿ ಚೆಂದವಾಗುತ್ತದೆ.

ಆಮೇಲಿನ ಪರೀಕ್ಷೆ ತರಗತಿಯಲ್ಲಿ. ಮಧ್ಯಾಹ್ನದ ಊಟದ ನಂತರ ಓದಬೇಕು, ಮಕ್ಕಳಿಗೆ ನಿದ್ದೆ ಬರುವ ಹೊತ್ತು. ಯಾವ ಸಾಲಿಗೆ ಕಣ್ಣು ಕಿಟಕಿಯ ಕಡೆ ಹೊರಳುತ್ತದೋ ಆ ಸಾಲಿನ ಪಕ್ಕ ನಾನು ಪೆನ್ಸಿಲ್ ಗೆರೆ ಎಳೆಯುತ್ತೇನೆ. ಅದೇ ಗುಳೆಯ ಕತೆ ಮುಗಿದಾಗ ನಾಲ್ಕನೇ ತರಗತಿಯ ಹುಡುಗಿ ಕೇಳಿದಳು: ‘ಟೀಚರ್, ಹಬ್ಬಕ್ಕ ಅವ್ವ ಬಂದಾಗ ಅವ ಮೊದಲು ಏನಂದ?’ ಕತೆಯ ಕೊನೆಯ ಪುಟ ಹುಟ್ಟಿದ್ದು ಆ ಪ್ರಶ್ನೆಯಿಂದ.

ಹೀಗೆ ಸೇರುವುದು ಹೊಸದೇನಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಮಕ್ಕಳ ಪುಸ್ತಕದ ಲೇಖಕರು 1971ರಲ್ಲಿ ಕಟ್ಟಿಕೊಂಡ ಸಂಘಕ್ಕೆ ಈಗ ಹಲವು ದೇಶಗಳಲ್ಲಿ ಶಾಖೆಗಳಿವೆ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಸ್ಥಾಪಿಸಿದರು, 1981ರಲ್ಲಿ ಮಕ್ಕಳ ಲೇಖಕರು ಮತ್ತು ಚಿತ್ರಕಾರರನ್ನು ಒಂದುಗೂಡಿಸಿದರು. ನಮ್ಮಲ್ಲಿ ಧಾರವಾಡದ ಕರ್ನಾಟಕ ಬಾಲವಿಕಾಸ ಅಕಾಡೆಮಿ ಇದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಬರುತ್ತದೆ, ಕಣ್ಣಿಟ್ಟಿರಬೇಕು.

ನಮ್ಮ ತಾಲ್ಲೂಕುಗಳಲ್ಲಿ ಸನ್ಮಾನಕ್ಕೆ ಕೊರತೆಯಿಲ್ಲ. ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ. ಸನ್ಮಾನಿಸಿದವರು ಪುಸ್ತಕ ಓದಿರುವುದು ಅಪರೂಪ. ಆ ಶಾಲಿನ ದುಡ್ಡಿನಲ್ಲಿ ಅದೇ ಲೇಖಕರ ನಾಲ್ಕು ಪುಸ್ತಕ ಕೊಂಡು ಊರ ಶಾಲೆಗೆ ಕೊಟ್ಟರೆ ಬರೆಯುವವರಿಗೂ ಓದುವವರಿಗೂ ಬಲ ಬರುತ್ತದೆ ಎಂದು ನಾನು ಖಂಡಿತವಾಗಿ ನಂಬಿದ್ದೇನೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹಳ್ಳಿಗಳಲ್ಲಿ ಒಬ್ಬರೇ ಕುಳಿತು ಬರೆಯುತ್ತಿರುವ ಅಕ್ಕಂದಿರೇ, ತಮ್ಮಂದಿರೇ, ನಿಮ್ಮ ನೋಟ್‌ಬುಕ್ ಹಿಡಿದು ಒಂದು ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗಿರಿ. ಗ್ರಂಥಪಾಲಕರಿಗೆ ಹೇಳಿ ಮಕ್ಕಳನ್ನು ಕೂಡಿಸಿ, ನಿಮ್ಮ ಕತೆ ಓದಿ ಹೇಳಿರಿ. ಪಕ್ಕದ ಊರಲ್ಲಿ ಬರೆಯುವವರಿದ್ದರೆ ಅವರನ್ನೂ ಕರೆಯಿರಿ.