ಸೊಪ್ಪಿನಬೆಟ್ಟ: ಸೌಲಭ್ಯ ಎಷ್ಟು, ಒಡೆತನ ಯಾರದು?

ಮಲೆನಾಡಿನ ಅಡಿಕೆ ತೋಟಕ್ಕೆ ನೀರಿನಷ್ಟೇ ಸೊಪ್ಪೂ ಅವಶ್ಯಕ. ಬೆಟ್ಟದಿಂದ ತಂದ ಹಸಿ ಸೊಪ್ಪು ಮತ್ತು ದರಗು ಕೊಟ್ಟಿಗೆಯಲ್ಲಿ ಹಾಸಾಗಿ, ಗೊಬ್ಬರವಾಗಿ ಮರದ ಬುಡ ಸೇರುತ್ತವೆ. ತಲೆಮಾರುಗಳಿಂದ ಬಳಸುತ್ತ ಬಂದ ಈ ಬೆಟ್ಟ ತಮ್ಮದೇ ಎಂಬ ಭಾವನೆ ಅನೇಕ ರೈತರಲ್ಲಿದೆ. ಆದರೆ ಕಾನೂನಿನ ದೃಷ್ಟಿ ಬೇರೆ. ಇದನ್ನು ಅರಿಯದೆ ಬೆಟ್ಟದ ಅಂಚನ್ನು ಸವರಿ ಅಡಿಕೆ ಸಸಿ ನೆಟ್ಟವರು ಮೊಕದ್ದಮೆಗೆ ಸಿಲುಕಬಹುದು.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಉತ್ತರ ಕನ್ನಡದ ಬೆಟ್ಟ ಹಾಗೂ ಹಾಡಿ, ಹಳೆಯ ಮೈಸೂರು ಭಾಗದ ಕಾನು ಹಾಗೂ ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ ಮುಂತಾದ ಜಮೀನುಗಳಲ್ಲಿ ರೂಢಿಯಿಂದ ಬಂದ ಸೌಲಭ್ಯಗಳನ್ನು ಮುಂದುವರಿಸಿದೆ. ಇಲ್ಲಿ 'ಸೌಲಭ್ಯ' ಎಂಬ ಮಾತನ್ನು ಗಮನಿಸಬೇಕು. ಸೊಪ್ಪು ತರುವುದು ಸೌಲಭ್ಯ. ಅದರಿಂದ ಭೂಮಿಯ ಒಡೆತನ ಬರುವುದಿಲ್ಲ.

ಬೆಟ್ಟವು ಅರಣ್ಯವೆಂದು ಅಧಿಸೂಚಿತವಾಗಿದ್ದಲ್ಲಿ ಮತ್ತೆರಡು ಕಾಯ್ದೆಗಳು ಅನ್ವಯಿಸುತ್ತವೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಮರ ಕಡಿಯುವುದು, ಬೆಂಕಿ ಇಡುವುದು, ಸಾಗುವಳಿಗೆ ನೆಲ ಬಿಡಿಸುವುದು ಅಪರಾಧ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಭೂಮಿಯನ್ನು ಅರಣ್ಯೇತರ ಕೆಲಸಕ್ಕೆ ಬಳಸಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಕಾಫಿ, ಸಾಂಬಾರ ಬೆಳೆ, ತಾಳೆ ಜಾತಿಯ ಮರ ಹಾಗೂ ತೋಟಗಾರಿಕೆ ಬೆಳೆಗಳನ್ನು ಬೆಳೆಯುವುದೂ ಅರಣ್ಯೇತರ ಕೆಲಸವೆಂದು 1988ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಹಸಿರು ಬೆಳೆದರೂ ತೋಟವು ಕಾಡಲ್ಲ ಎಂಬುದೇ ಇದರ ತಾತ್ಪರ್ಯ.

ಹಳೆಯ ಸಾಗುವಳಿದಾರರಿಗೆ 2006ರ ಅರಣ್ಯ ಹಕ್ಕುಗಳ ಕಾಯ್ದೆಯಲ್ಲಿ ದಾರಿಯಿದೆ. 2005ರ ಡಿಸೆಂಬರ್ 13ಕ್ಕೆ ಮೊದಲೇ ಅರಣ್ಯ ಭೂಮಿಯನ್ನು ಸಾಗು ಮಾಡುತ್ತಿದ್ದವರು ಗ್ರಾಮಸಭೆಯ ಮೂಲಕ ಹಕ್ಕು ಕೇಳಬಹುದು. ಪರಿಶಿಷ್ಟ ಪಂಗಡದವರಲ್ಲದವರು ಆ ದಿನಾಂಕಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಮುಖ್ಯವಾಗಿ ಅರಣ್ಯದಲ್ಲಿ ವಾಸವಾಗಿದ್ದು ಜೀವನೋಪಾಯಕ್ಕೆ ಅದನ್ನೇ ಅವಲಂಬಿಸಿದ್ದನ್ನು ತೋರಿಸಬೇಕು. ಗರಿಷ್ಠ ಮಿತಿ 4 ಹೆಕ್ಟೇರು. ಸಿಕ್ಕ ಹಕ್ಕು ಮಕ್ಕಳಿಗೆ ಬರುತ್ತದೆ, ಆದರೆ ಮಾರುವಂತಿಲ್ಲ. ಅರ್ಜಿಯ ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸುವಂತಿಲ್ಲ.

ರೈತರು ಗಮನಿಸಬೇಕಾದ ಅಂಶಗಳು:

1. ಪಹಣಿ ಹಾಗೂ ಸರ್ವೆ ನಕ್ಷೆ ಪಡೆದು, ಬೆಟ್ಟ ಯಾವ ಹೆಸರಿನಲ್ಲಿ ದಾಖಲಾಗಿದೆ ಎಂದು ಮೊದಲು ನೋಡಿಕೊಳ್ಳಬೇಕು.

2. ಅರಣ್ಯ ಕಾಯ್ದೆಯ 4ನೇ ಕಲಮಿನ ಅಧಿಸೂಚನೆ ಹೊರಟರೆ, ಗೊತ್ತುಪಡಿಸಿದ ಅವಧಿಯೊಳಗೆ ಅರಣ್ಯ ವ್ಯವಸ್ಥಾಪನಾಧಿಕಾರಿಗೆ ತಮ್ಮ ಹಕ್ಕುಬಾಧ್ಯತೆಗಳನ್ನು ಬರೆದು ತಿಳಿಸಬೇಕು.

3. ಒಂದೇ ಮರದಿಂದ ಪ್ರತಿ ವರ್ಷ ಸೊಪ್ಪು ಕೊಯ್ಯಬಾರದು. ಬೆಟ್ಟವನ್ನು ಭಾಗ ಮಾಡಿ ಸರದಿಯಂತೆ ಕೊಯ್ದು, ಮರದ ತುದಿಯನ್ನು ಉಳಿಸಬೇಕು.

4. ತೋಟದ ಬೇಲಿಯಲ್ಲಿ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಬೆಳೆಸಿದರೆ ಬೆಟ್ಟದ ಮೇಲಿನ ಹೊರೆ ತಗ್ಗುತ್ತದೆ.

ಬೋಳಾದ ಬೆಟ್ಟದಲ್ಲಿ ಸೌಲಭ್ಯದ ಕಾಗದ ಉಳಿದರೂ ಸೊಪ್ಪು ಉಳಿಯದು. ಮಳೆನೀರು ಇಂಗದೆ ಹರಿದುಹೋದರೆ ಬೇಸಗೆಯಲ್ಲಿ ಕೆಳಗಿನ ತೋಟವೇ ಮೊದಲು ಒಣಗುತ್ತದೆ. ಆದುದರಿಂದ ಬೆಟ್ಟದ ರಕ್ಷಣೆ ತೋಟದ ಬೇಸಾಯದ ಒಂದು ಅಂಗವೆಂದೇ ತಿಳಿಯಬೇಕು.